ಐದೂವರೆ ಶ್ರುತಿಯ ಅಕ್ಕ

ನಮ್ಮಕ್ಕನನ್ನು ಆರ್ಕೆಸ್ಟ್ರಾದವರೆಲ್ಲ ಐದೂವರೆ ಅಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೆ ಗೌರವಕ್ಕೆ, ಬೆನ್ನ ಹಿಂದೆ ಗೇಲಿಗೆ. ಐದೂವರೆ ಎಂದರೆ ಅವಳ ಶ್ರುತಿ. ಕೀಬೋರ್ಡಿನಲ್ಲಿ ಮೂರು ಕಪ್ಪು ಮನೆಗಳು ಒಟ್ಟಿಗೆ ಇರುತ್ತವಲ್ಲ, ಅವುಗಳಲ್ಲಿ ನಡುವಿನದು. ಅಲ್ಲಿ ಷಡ್ಜ ಹಿಡಿದು ಹೊರಟರೆ ಮೇಲಿನ ಸ್ವರಗಳಿಗೆ ಗಂಟಲು ಬಹಳ ಎತ್ತರಕ್ಕೆ ಏರಬೇಕು. ವಯಸ್ಸಿನ ಹುಡುಗಿಯರೇ ಅಲ್ಲಿ ಏದುಸಿರು ಬಿಡುತ್ತಾರೆ. ಅಕ್ಕ ಐವತ್ತು ದಾಟಿದ ಮೇಲೂ ಅಲ್ಲಿಂದ ಕದಲಿಲ್ಲ ಎನ್ನುವುದೇ ಅವಳ ಹೆಮ್ಮೆ. ಮನೆ ಬಾಡಿಗೆಯದು, ಮಕ್ಕಳಾಗಲಿಲ್ಲ, ಇದ್ದ ನಾಲ್ಕು ಒಡವೆ ಮಾರಿ ಸ್ಪೀಕರ್ ತಂದಿದ್ದಾಯಿತು. ತನ್ನದು ಎಂದು ಹೇಳಿಕೊಳ್ಳಲು ಅವಳ ಹತ್ತಿರ ಶ್ರುತಿ ಒಂದೇ ಉಳಿದಿತ್ತು.

ಅದೂ ಎಷ್ಟೋ ವರ್ಷದಿಂದ ಅವಳ ಹತ್ತಿರ ಇರಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ವಿಷಯ ಬಚ್ಚಿಟ್ಟುಕೊಂಡು ಆಟ ಆಡಿಸುವ ಚಾಳಿ ನನಗಿಲ್ಲ. ಅಂಥವರನ್ನು ಮನೆಯಲ್ಲಿ ನೋಡಿ ನೋಡಿ ಸಾಕಾಗಿದೆ. ನನ್ನ ಭಾವ, ಅಂದರೆ ಅವಳನ್ನು ಕಟ್ಟಿಕೊಂಡ ಗಂಡ, ಟ್ಯಾಬ್ಲೆಟ್ಟಿನಲ್ಲಿ ಗುಟ್ಟಾಗಿ ಶ್ರುತಿ ಇಳಿಸಿಟ್ಟು ಅವಳನ್ನು ಹಾಡಿಸುತ್ತಿದ್ದರು. ಅವಳು ಐದೂವರೆ ಎಂದುಕೊಂಡು ಹಾಡುತ್ತಿದ್ದಳು. ಹೇಗೆ ಎಂದು ಹೇಳುತ್ತೇನೆ ಕೇಳಿ.

ನಮ್ಮದು ಸಣ್ಣ ತಂಡ. ಅಕ್ಕ ಹಾಡುತ್ತಾಳೆ, ಭಾವ ಕೀಬೋರ್ಡ್ ನುಡಿಸುತ್ತಾರೆ, ನಾನು ರಿದಂ ಪ್ಯಾಡ್ ಬಾರಿಸುತ್ತೇನೆ. ಪ್ಯಾಡ್ ಎಂದರೆ ರಬ್ಬರಿನ ಚೌಕಗಳು. ಒಂದಕ್ಕೆ ಹೊಡೆದರೆ ತಬಲಾ, ಇನ್ನೊಂದಕ್ಕೆ ಹೊಡೆದರೆ ಡ್ರಮ್ಮು. ಮದುವೆ ಪಾರ್ಟಿ, ಅಂಗಡಿ ಉದ್ಘಾಟನೆ, ಶಾಲೆಯ ವಾರ್ಷಿಕೋತ್ಸವ, ಆಫೀಸಿನವರ ಬೀಳ್ಕೊಡುಗೆ, ಯಾರು ಕರೆದರೂ ಹೋಗುತ್ತೇವೆ. ಕೆಲವರು ಊಟ ಮಾಡುತ್ತಾ ಹಾಡು ಕೇಳುತ್ತಾರೆ, ಉಳಿದವರು ಊಟ ಮಾತ್ರ ಮಾಡುತ್ತಾರೆ. ನಮಗೆ ಇಬ್ಬರೂ ಒಂದೇ.

ಮೊದಲು ಒಬ್ಬ ಗಿಟಾರಿನವನಿದ್ದ. ಅಕ್ಕನ ಬಾಯಿ ತಾಳಲಾರದೆ ಬಿಟ್ಟುಹೋದ. ಅವನ ಜಾಗಕ್ಕೆ ಇನ್ನೊಬ್ಬನನ್ನು ಹುಡುಕುವ ಬದಲು ಭಾವ ಒಂದು ಟ್ಯಾಬ್ಲೆಟ್ ತಂದರು. "ಇದು ಮುನಿಸ್ಕೊಳ್ಳಲ್ಲ, ಊಟ ತಣ್ಣಗಿದೆ ಅಂತ ಗೊಣಗಲ್ಲ" ಎಂದರು. ಕೀಬೋರ್ಡಿನ ಹಿಂಬದಿಯಿಂದ ಒಂದು ವೈರು ಎಳೆದು ಅದಕ್ಕೆ ಸಿಕ್ಕಿಸಿದರು. ಮಿಡಿ ಎನ್ನುತ್ತಾರೆ ಈ ಜೋಡಣೆಗೆ. ಆ ವೈರಿನಲ್ಲಿ ಸಂಗೀತ ಹೋಗುವುದಿಲ್ಲವಂತೆ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ, ಇಷ್ಟು ಸುದ್ದಿ ಮಾತ್ರ ಹೋಗುತ್ತದೆ. ಸದ್ದು ಮಾಡುವ ಕೆಲಸ ಟ್ಯಾಬ್ಲೆಟ್ಟಿನದು. ಪಿಟೀಲು ಎಂದರೆ ಪಿಟೀಲು, ಕೊಳಲು ಎಂದರೆ ಕೊಳಲು. ಹಾಗಾಗಿ ಕೀಬೋರ್ಡಿನ ಸ್ವಂತ ದನಿಯನ್ನು ಮುಚ್ಚಿಡಬೇಕು, ಇಲ್ಲದಿದ್ದರೆ ಎರಡೂ ಒಟ್ಟಿಗೆ ಅರಚುತ್ತವೆ. ನನ್ನ ಪ್ಯಾಡಿನಿಂದಲೂ ಒಂದು ವೈರು ಅದೇ ಟ್ಯಾಬ್ಲೆಟ್ಟಿಗೆ ಹೋಯಿತು.

ಮೊದಮೊದಲು ವೈರೇ ಬೇಡ, ಗಾಳಿಯಲ್ಲೇ ಜೋಡಿಸೋಣ ಎಂದು ಭಾವ ಹಟ ಹಿಡಿದಿದ್ದರು. ನಾನು ಪ್ಯಾಡಿಗೆ ಹೊಡೆದು, ಕೋಲು ಮೇಲೆತ್ತಿದ ಮೇಲೆ ಸದ್ದು ಬರುತ್ತಿತ್ತು. ಅಡುಗೆಮನೆಯಿಂದ ಕರೆದರೆ ಓಗೊಡುವ ಗಂಡಸರ ಹಾಗೆ, ಬರುವುದು ಖಂಡಿತ, ಆದರೆ ಬೇಕಾದಾಗ ಅಲ್ಲ. ನಾನು ಕೋಲು ಬಿಸಾಕಿ ಕೂತೆ. ಆಮೇಲೆ ವೈರು ಬಂತು. ಭಾವ ಅದರ ಮುಂದೆ ಕಣ್ಣು ಕೆಂಪಗಾಗುವ ತನಕ ಕೂತು ಒಂದೊಂದು ಹಾಡಿಗೂ ದನಿಗಳನ್ನು ಹೊಂದಿಸಿದರು. ಕಲಿಯುವ ಛಲ ಅವರಲ್ಲಿತ್ತು, ಇಲ್ಲ ಎನ್ನಲಾರೆ. ಮೆತ್ತಗಿನ ಮನುಷ್ಯ. ಜಗಳ ತಪ್ಪಿಸಿಕೊಳ್ಳುವುದನ್ನೇ ಪ್ರೀತಿ ಎಂದು ತಿಳಿದವರು.

ಆ ಟ್ಯಾಬ್ಲೆಟ್ಟಿನಲ್ಲಿ ಒಂದು ಸೌಲಭ್ಯವಿತ್ತು. ಮೈನಸ್ ಒಂದು ಎಂದು ಇಟ್ಟರೆ, ಕೀಬೋರ್ಡಿನಲ್ಲಿ ನೀವು ಒತ್ತಿದ ಮನೆಯ ಸ್ವರ ಬಾರದೆ ಅದರ ಕೆಳಗಿನದು ಬರುತ್ತದೆ. ಮೈನಸ್ ಎರಡು ಎಂದರೆ ಇನ್ನೂ ಕೆಳಗಿನದು. ಬೆರಳು ಎಲ್ಲಿತ್ತೋ ಅಲ್ಲೇ ಇರುತ್ತದೆ, ದನಿ ಮಾತ್ರ ಇಳಿಯುತ್ತದೆ. ಎಷ್ಟೋ ಜನ ಅದನ್ನು ಬಳಸುತ್ತಾರೆ, ಅದರಲ್ಲಿ ಅವಮಾನ ಏನೂ ಇಲ್ಲ. ಹಾಡುವವರಿಗೆ ಹೇಳಿ ಬಳಸುತ್ತಾರೆ, ಅಷ್ಟೇ.

ಅಕ್ಕನಿಗೆ ಒಂದು ಅಭ್ಯಾಸ. ಪ್ರತಿ ಹಾಡಿನ ಮೊದಲು ತಿರುಗಿ ಭಾವನ ಬೆರಳು ನೋಡುತ್ತಾಳೆ. ಹೆಬ್ಬೆರಳ ಪಕ್ಕದ ಬೆರಳು ಆ ನಡುವಿನ ಕಪ್ಪು ಮನೆಯ ಮೇಲೆ ಕೂತಿದ್ದರೆ ತಲೆ ಆಡಿಸಿ ಮೈಕ್ ಎತ್ತುತ್ತಾಳೆ. ಮದುವೆಯಾದ ಹೊಸದರಲ್ಲಿ ಶುರುವಾದದ್ದು, ಆಗ ಅದು ಸಲಿಗೆ. ಬರಬರುತ್ತಾ ತಪಾಸಣೆ. ಜೊತೆಗೆ ಇನ್ನೊಂದು ವಾದ್ಯ ಇದ್ದಿದ್ದರೆ ಮೋಸ ಅವತ್ತೇ ಹೊರಬೀಳುತ್ತಿತ್ತು. ಗಿಟಾರಿನವನು ಹೋಗಿದ್ದ. ನನ್ನ ಪ್ಯಾಡಿಗೆ ಶ್ರುತಿಯೇ ಇಲ್ಲ. ಸ್ವರ ಬರುವುದೆಲ್ಲ, ಮನೆಯ ಅಭ್ಯಾಸಕ್ಕೂ, ಆ ಒಂದು ಟ್ಯಾಬ್ಲೆಟ್ಟಿನಿಂದ. ಇಷ್ಟಿಷ್ಟೇ ಇಳಿದರೆ ಕಿವಿಗೆ ಎಲ್ಲಿ ಗೊತ್ತಾಗಬೇಕು? ಅಷ್ಟು ವರ್ಷ ಹಾಡಿದವಳು ಕಿವಿ ಬಿಟ್ಟು ಕಣ್ಣು ನಂಬಿದಳು.

ಟ್ಯಾಬ್ಲೆಟ್ ಬಂದ ವರ್ಷವೇ ಅವಳಿಗೆ ಒಂದು ಕೆಟ್ಟ ಕೆಮ್ಮು ಹತ್ತಿ ತಿಂಗಳುಗಟ್ಟಲೆ ಬಿಡಲಿಲ್ಲ. ಅಭ್ಯಾಸಕ್ಕೆ ಕೂತರೆ ಮೇಲಿನ ಸ್ವರ ಒಡೆಯುತ್ತಿತ್ತು. ನಾನು "ಸ್ವಲ್ಪ ಇಳಿಸ್ಕೊಳ್ಳೇ, ಏನೀಗ?" ಎಂದೆ. ಅವಳು ಕೈಯಲ್ಲಿದ್ದ ಬಿಸಿನೀರಿನ ಫ್ಲಾಸ್ಕನ್ನು ಟಪ್ಪೆಂದು ಕೆಳಗಿಟ್ಟು ಎದ್ದುಹೋದಳು. ಆಮೇಲೆ ಕೆಮ್ಮು ಹೋಯಿತು, ಹಾಡು ಸಲೀಸಾಯಿತು. ನಾವೆಲ್ಲ ಔಷಧಿ ಹತ್ತಿತು ಎಂದುಕೊಂಡೆವು. ಅವಳಂತೂ ಬಿಸಿನೀರು, ಬೆಳಗಿನ ಸಾಧಕ, ಮಜ್ಜಿಗೆ ಬಿಟ್ಟದ್ದು, ಇವುಗಳ ಮಹಿಮೆಯನ್ನು ಸಿಕ್ಕಸಿಕ್ಕವರಿಗೆ ಕೊರೆಯಲು ಶುರು ಮಾಡಿದಳು. "ಗಂಟಲು ನಾವು ಹೇಳ್ದಂಗೆ ಕೇಳ್ಬೇಕು, ನಾವು ಗಂಟಲು ಹೇಳ್ದಂಗೆ ಕೇಳ್ಬಾರ್ದು" ಎನ್ನುವುದು ಅವಳ ಉಪದೇಶ. ಭಾವ ಪಕ್ಕದಲ್ಲಿ ಕೂತು ಟೀ ಕುಡಿಯುತ್ತಿದ್ದರು.

ಎರಡು ಮೂರು ವರ್ಷ ಕಳೆದ ಮೇಲೆ ತಂಡಕ್ಕೆ ಒಬ್ಬ ಹುಡುಗಿ ಬಂದಳು. ಅಕ್ಕನೇ ಅವಳಿಗೆ ಮರಿ ಎಂದು ಹೆಸರಿಟ್ಟಳು. ಅಕ್ಕ ಉಸಿರು ಎಳೆದುಕೊಳ್ಳುವ ಹೊತ್ತಿಗೆ ನಡುನಡುವೆ ಎರಡು ಮೂರು ಹಾಡು ಹಾಡಲು ಒಬ್ಬಳು ಬೇಕಿತ್ತು. ಮರಿಯ ದನಿ ತುಂಬು ದನಿ, ಬೆಚ್ಚಗಿತ್ತು, ಆದರೆ ಎತ್ತರಕ್ಕೆ ಹೋಗುತ್ತಿರಲಿಲ್ಲ. ಅಪ್ಪ ಇಲ್ಲದ ಮನೆ, ಹಾಡಿಯೇ ಬದುಕಬೇಕು ಎಂಬ ಆಸೆ. ಅಕ್ಕ ಅವಳಿಗೆ ಉಸಿರು ಹಿಡಿಯುವುದು ಕಲಿಸಿದಳು, ಮೈಕ್ ಹಿಡಿಯುವುದು ಕಲಿಸಿದಳು, ತನ್ನ ಸೀರೆ ಉಡಿಸಿದಳು. ಬೈಯುತ್ತಲೂ ಇದ್ದಳು. ಅಕ್ಕನ ಪ್ರೀತಿಗೆ ಬೈಗುಳ ಒಗ್ಗರಣೆ ಇದ್ದಂತೆ, ಅದಿಲ್ಲದೆ ಇಳಿಯುವುದಿಲ್ಲ.

ಒಂದು ಮದುವೆ ಪಾರ್ಟಿಗೆ ಮೊದಲು, ಇನ್ನೂ ಮೈಕ್ ಪರೀಕ್ಷೆ ನಡೆಯುತ್ತಿತ್ತು. ಮರಿ ಕೀಬೋರ್ಡಿನ ಪಕ್ಕ ನಿಂತು ಟ್ಯಾಬ್ಲೆಟ್ ನೋಡುತ್ತಿದ್ದಳು. "ಸರ್, ನನ್ನ ಹಾಡಿಗೂ ಸ್ವಲ್ಪ ಇಳಿಸ್ಕೊಡ್ತೀರಾ?" ಎಂದಳು. ಅಕ್ಕ ಹಿಂದೆಯೇ ಇದ್ದಳು. ಮೈಕಿನವರು, ಕುರ್ಚಿ ಹಾಕುವವರು, ಹೂವಿನವರು ಎಲ್ಲ ನೋಡುತ್ತಿದ್ದಂತೆ ಶುರುವಾದಳು.

"ಇಳಿಸ್ಕೊಡೋದಾ? ಗಂಟಲು ಏರಲ್ಲ ಅಂದ್ರೆ ಸಾಧನೆ ಮಾಡ್ಬೇಕು, ಹಾಡನ್ನ ಕೆಳಗೆ ಎಳೀಬಾರ್ದು. ನಾನು ಈ ವಯಸ್ಸಲ್ಲಿ ಐದೂವರೇಲಿ ಹಾಡ್ತೀನಿ, ನಿಂಗೇನು ಬಂದಿದೆ ರೋಗ? ಇಳಿಸ್ಕೊಂಡು ಹಾಡೋದಾದ್ರೆ ಮನೇಲಿ ಕೂತು ಜೋಗುಳ ಹಾಡ್ಕೋ. ನನ್ನ ಸ್ಟೇಜ್ ಮೇಲೆ ಬೇಡ."

ಮರಿ ಭಾವನ ಮುಖ ನೋಡಿದಳು. ಭಾವ ವೈರನ್ನು ಕೈಗೆ ಸುತ್ತಿಕೊಳ್ಳುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಹುಡುಗಿ ಅಕ್ಕನ ಸೀರೆಯಲ್ಲೇ ಬಸ್ ಹತ್ತಿ ಹೋದಳು. ಮಾರನೆಯ ದಿನ ಸೀರೆ ಮಡಿಸಿ, ಇಸ್ತ್ರಿ ಹಾಕಿ ಯಾರದೋ ಕೈಯಲ್ಲಿ ಕಳಿಸಿದಳು.

ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ಅಕ್ಕ ಮುಗಿಯಲು ಬಿಡಲಿಲ್ಲ. ಎಲ್ಲಿ ಹೋದರೂ ಆ ಕಥೆ ಹೇಳಿದಳು, ಉಪ್ಪು ಖಾರ ಹಚ್ಚಿ, ಮರಿಯ ದನಿ ಅಣಕಿಸಿ. "ಸರ್, ಇಳಿಸ್ಕೊಡ್ತೀರಾ?" ಎಂದು ಅವಳು ರಾಗ ಎಳೆದರೆ ಬೇರೆ ತಂಡದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಯಾವುದೋ ತಂಡದವರು ಲಿಫ್ಟಿನಲ್ಲಿ ಕೆಳಗೆ ಹೋಗಬೇಕಾದಾಗಲೂ ಅದೇ ಮಾತು ಹೇಳುತ್ತಾರಂತೆ ಎಂದು ಅವಳೇ ಬಂದು ನನಗೆ ಹೇಳಿ ನಕ್ಕಳು. ಭಾವ ಆಗಲೂ ಟೀ ಕುಡಿಯುತ್ತಿದ್ದರು. ಆ ಮನುಷ್ಯ ಎಷ್ಟು ಟೀ ಕುಡಿದರೋ.

ಹೀಗೇ ನಡೆದುಹೋಗುತ್ತಿತ್ತು. ಒಂದು ಬಟ್ಟೆ ಕಾರ್ಖಾನೆಯ ವಾರ್ಷಿಕೋತ್ಸವ ಬಂತು. ಬಯಲಿನಲ್ಲಿ ಶಾಮಿಯಾನ, ಮಟಮಟ ಮಧ್ಯಾಹ್ನ. ಹೊಲಿಗೆಯ ಹೆಣ್ಣುಮಕ್ಕಳು ಸಾಲು ಸಾಲಾಗಿ ಕೂತಿದ್ದರು. ವರ್ಷಕ್ಕೊಂದು ದಿನ ಸಿಗುವ ರಜೆಯ ಖುಷಿಯಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಪ್ರತಿ ಹಾಡಿಗೂ ಚಪ್ಪಾಳೆ ತಟ್ಟುತ್ತಿದ್ದರು. ನೆರಳು ಸರಿದು ಬಿಸಿಲು ಟ್ಯಾಬ್ಲೆಟ್ಟಿನ ಮೇಲೆ ಬಿದ್ದದ್ದನ್ನು ನಾವ್ಯಾರೂ ನೋಡಲಿಲ್ಲ. ಅಕ್ಕ ತನಗೆ ಹೆಸರು ತಂದ ಹಾಡನ್ನೇ ಹಾಡುತ್ತಿದ್ದಳು. ಮೊದಲ ಚರಣ ಮುಗಿದು ಎರಡನೆಯದಕ್ಕೆ ಹೋಗುವಾಗ ಕಾದು ಕಾದು ಟ್ಯಾಬ್ಲೆಟ್ ಆರಿಹೋಯಿತು.

ಪಿಟೀಲು ಹೋಯಿತು, ಕೊಳಲು ಹೋಯಿತು. ನನ್ನ ಪ್ಯಾಡು ಬರೀ ರಬ್ಬರಾಯಿತು, ಹೊಡೆದರೆ ಟಪ್ ಟಪ್ ಅಷ್ಟೇ. ಹಾಡು ನಿಲ್ಲಬಾರದು ಎನ್ನುವುದು ನಮ್ಮ ಕಸುಬಿನವರ ರಕ್ತದಲ್ಲಿ ಇರುತ್ತದೆ. ಭಾವನ ಎಡಗೈ ತಾನಾಗಿ ಹೋಗಿ ಗುಂಡಿ ಒತ್ತಿತು, ಮುಚ್ಚಿಟ್ಟಿದ್ದ ಕೀಬೋರ್ಡಿನ ಸ್ವಂತ ದನಿ ತೆರೆಯಿತು. ನಿಲ್ಲಿಸಿ, ಕ್ಷಮೆ ಕೇಳಿ, ನೀರು ಕುಡಿದು ಮತ್ತೆ ಶುರು ಮಾಡಿದ್ದರೆ ಎಲ್ಲ ಇನ್ನೂ ಹತ್ತು ವರ್ಷ ಹಾಗೇ ನಡೆಯುತ್ತಿತ್ತೋ ಏನೋ. ಅವಸರದಲ್ಲಿ ಆ ಮನುಷ್ಯ ತಾನು ಮಾಡಿಟ್ಟಿದ್ದನ್ನೇ ಮರೆತರು. ಕೀಬೋರ್ಡಿಗೆ ಮೈನಸ್ಸಿನ ಲೆಕ್ಕ ಗೊತ್ತಿಲ್ಲ. ಒತ್ತಿದ ಮನೆಯ ನಿಜವಾದ ಸ್ವರವನ್ನೇ ಅದು ಕೊಟ್ಟಿತು.

ಅಕ್ಕ ದನಿ ಎತ್ತಿದಳು, ಅದು ಕೀಬೋರ್ಡಿನ ಹತ್ತಿರಕ್ಕೂ ಹೋಗಲಿಲ್ಲ. ತಿರುಗಿ ಬೆರಳು ನೋಡಿದಳು. ಬೆರಳು ಅದೇ ಕಪ್ಪು ಮನೆಯ ಮೇಲಿತ್ತು. ಮತ್ತೆ ಎತ್ತಿದಳು. ಕೀರಲು ದನಿಯೊಂದು ಸ್ಪೀಕರಿನಿಂದ ಹೊರಟು ಬಯಲೆಲ್ಲ ಕೇಳಿಸಿತು. ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ಸೆರಗು ಹಿಡಿದುಕೊಂಡರು. ಭಾವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಅಕ್ಕ ಮೈಕಿನಲ್ಲಿ, "ಕ್ಷಮಿಸಿ, ನಮ್ಮ ಕೀಬೋರ್ಡ್ ಕೆಟ್ಟಿದೆ" ಎಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಭಾವ ಅದನ್ನೇ ಹೇಳಿದರು. ಕೀಬೋರ್ಡ್ ಕೆಟ್ಟಿದೆ, ಬಿಸಿಲಿಗೆ ಹಾಗಾಗಿದೆ, ವೈರೂ ಸರಿ ಇಲ್ಲ. ಬೆಳಗ್ಗೆ ತಿಂಡಿಯನ್ನೂ ತಿನ್ನದೆ ಹೊಸ ವೈರು ತರಲು ಹೋದರು. ಅಕ್ಕ ಮಂಚದ ಕೆಳಗಿನಿಂದ ಭಾವನ ಹಳೆಯ ಸಣ್ಣ ಕೀಬೋರ್ಡನ್ನು ಎಳೆದಳು. ಧೂಳು ಒರೆಸಿ, ಗಡಿಯಾರ, ಟಾರ್ಚು, ರಿಮೋಟುಗಳ ಸೆಲ್ ಕಿತ್ತು ಅದಕ್ಕೆ ಹಾಕಿ, ದೊಡ್ಡ ಕೀಬೋರ್ಡಿನ ಪಕ್ಕ ಇಟ್ಟಳು. "ನೀನು ಅದರ ಐದೂವರೆ ಒತ್ತು" ಎಂದಳು. ರಾತ್ರಿ ತಣ್ಣಗಾಗಿ ಸರಿಹೋಗಿದ್ದ ಟ್ಯಾಬ್ಲೆಟ್ ಸಿಕ್ಕಿಸಿ ನಾನು ದೊಡ್ಡ ಕೀಬೋರ್ಡಿನಲ್ಲಿ ಒತ್ತಿದೆ. ಅವಳು ಹಳೆಯದರಲ್ಲಿ ಒತ್ತಿದಳು. ಒಂದರ ದನಿ ಅತ್ತ, ಇನ್ನೊಂದರದು ಇತ್ತ.

"ನೋಡು, ಕೆಟ್ಟಿದೆ" ಎಂದೆ.

"ವೈರ್ ಕೀಳು."

ವೈರ್ ಕಿತ್ತು, ಭಾವ ಒತ್ತಿದ್ದ ಗುಂಡಿ ಒತ್ತಿ, ಮತ್ತೆ ಅದೇ ಮನೆ ಮುಟ್ಟಿದೆ. ಎರಡೂ ಒಂದೇ ದನಿಯಲ್ಲಿ ಕೂಗಿದವು. ಅಕ್ಕ ಮತ್ತೆ ವೈರ್ ಸಿಕ್ಕಿಸಲು ಹೇಳಿದಳು. ನಾನು ಕೀಬೋರ್ಡಿನ ಸ್ವಂತ ದನಿ ಮುಚ್ಚಿ ಕಪ್ಪು ಮನೆ ಒತ್ತಿ ಹಿಡಿದೆ, ಅವಳು ಹಳೆಯದರಲ್ಲಿ ಒಂದೊಂದೇ ಮನೆ ಕೆಳಗಿಳಿಯುತ್ತಾ ಬಂದಳು. ಐದು. ನಾಲ್ಕೂವರೆ. ನಾಲ್ಕು. ಮೂರೂವರೆ ಎಂಬ ಮನೆ ಇಲ್ಲ, ಸೀದಾ ಮೂರಕ್ಕೆ ಬಂದಾಗ, ಅಂದರೆ ನಾಲ್ಕು ಮನೆ ಕೆಳಗೆ, ಸರಿಯಾಗಿ ಕೂತಿತು. ಅಕ್ಕ ಆ ಮನೆಯ ಮೇಲಿಂದ ಬೆರಳು ತೆಗೆಯಲಿಲ್ಲ. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಭಾವ ಪುಟ್ಟ ಚೀಲ ಹಿಡಿದು ಬಂದು ಚಪ್ಪಲಿ ಬಿಡುತ್ತಿದ್ದರು.

"ಯಾವಾಗಿಂದ?" ಎಂದಳು ಅಕ್ಕ.

"ಏನು ಯಾವಾಗಿಂದ?"

"ನಾನು ಮೂರರಲ್ಲಿ ಹಾಡ್ತಿರೋದು."

ಭಾವ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. "ಕೆಮ್ಮು ಬಂದಿತ್ತಲ್ಲ, ಆವಾಗಿಂದ. ಕೆಮ್ಮು ಹೋಗೋವರೆಗೂ ಅಂತ ಒಂದೇ ಒಂದು ಇಳಿಸ್ದೆ. ಕೆಮ್ಮು ಹೋಯ್ತು, ದನಿ ವಾಪಸ್ ಬರ್ಲಿಲ್ಲ. ಆಮೇಲೆ ವರ್ಷ ವರ್ಷ ಇನ್ನೊಂದು, ಇನ್ನೊಂದು..."

"ನಂಗೆ ಹೇಳ್ಬೇಕು ಅನ್ನಿಸ್ಲೇ ಇಲ್ವಾ ನಿಮಗೆ?"

"ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನಂಗೆ ಕೇಳಿಸ್ತಿತ್ತು. ಹೇಗೆ ಹೇಳ್ಲಿ?"

"ಅತ್ತೋರೆಲ್ಲ ಸಾಯಲ್ಲ ಕಣ್ರೀ. ಅತ್ತು ಮುಗಿಸಿ, ಮುಖ ತೊಳ್ಕೊಂಡು, ಹೊರಗೆ ಬಂದು ನಾನೇ ಇಳಿಸಿ ಅಂತಿದ್ದೆ."

ಅನ್ನುತ್ತಿದ್ದಳೋ ಇಲ್ಲವೋ ದೇವರೇ ಬಲ್ಲ. ಆದರೆ ಹಾಗೆ ಅನ್ನುವ ಅವಕಾಶವನ್ನು ಅವಳಿಂದ ಕಿತ್ತುಕೊಂಡದ್ದು ನಿಜ. ನನಗೆ ಮೂಗಿನ ತುದಿಯಲ್ಲೇ ಕೋಪ, ತಡೆಯಲಾಗಲಿಲ್ಲ. "ಭಾವ, ನೀವು ಇವಳ ಮಾನ ಉಳಿಸಿದ್ರಾ, ಇಲ್ಲ ಊರೆಲ್ಲ ಜಂಬ ಕೊಚ್ಚೋಕೆ ಬಿಟ್ಟು ಮಜಾ ನೋಡಿದ್ರಾ?" ಎಂದೆ.

"ಇನ್ಯಾರಿಗೆ ಗೊತ್ತಿತ್ತು?" ಎಂದಳು ಅಕ್ಕ.

"ಯಾರಿಗೂ ಇಲ್ಲ."

"ನಿಜ ಹೇಳಿ. ಇವತ್ತಾದ್ರೂ."

ಭಾವ ಚೀಲದೊಳಗಿನ ವೈರನ್ನು ಹಿಸುಕುತ್ತಾ, "ಮರಿಗೆ" ಎಂದರು. "ಅವಳು ಸ್ಕ್ರೀನ್ ನೋಡಿದ್ಲು."

ಅಕ್ಕ ಆಗಲೂ ಅಳಲಿಲ್ಲ. ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. "ಆ ಹುಡುಗಿ ಎಲ್ಲಿದ್ದಾಳೆ ಅಂತ ಹುಡುಕು" ಎಂದು ನನಗೆ ಹೇಳಿದಳು. ಅಂದಿನಿಂದ ಗಂಡನ ಹತ್ತಿರ ಕೆಲಸದ ಮಾತು ಬಿಟ್ಟರೆ ಬೇರೆ ಮಾತು ಆಡಲಿಲ್ಲ.

ಮರಿ ಸಿಕ್ಕಿದ್ದು ಒಂದು ಕಣ್ಣಿನ ಆಸ್ಪತ್ರೆಯಲ್ಲಿ. ಸ್ಟೀಲಿನ ಬೆಂಚುಗಳ ಮೇಲೆ ಕಣ್ಣಿಗೆ ಹನಿ ಹಾಕಿಸಿಕೊಂಡವರು ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದರು. ಗಾಜಿನ ಹಿಂದೆ ಮರಿ, ಮುಂದೆ ಒಂದು ಪುಟ್ಟ ಮೈಕು. "ಟೋಕನ್ ನಂಬರ್ ನಲವತ್ತೆರಡು, ಕೊಠಡಿ ಮೂರಕ್ಕೆ ಬನ್ನಿ." ಅದೇ ತುಂಬು ದನಿ. ಆ ಗದ್ದಲದಲ್ಲೂ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವಳ ಹತ್ತಿರ ಮಾತಾಡಬೇಕು ಎಂದರೆ ಬಾಗಿಲಿನವನು ಬಿಡಲಿಲ್ಲ. "ಟೋಕನ್ ತಗೊಂಡು ಕೂತ್ಕೊಳ್ಳಿ, ಕರೀತಾರೆ" ಎಂದ. ಹಾಗಾಗಿ ಟೋಕನ್ ತೆಗೆದುಕೊಂಡು ಕೂತೆವು, ಅವಳು ನಮ್ಮನ್ನು ಕರೆಯುವ ತನಕ. ಅಕ್ಕ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು ಆ ದನಿಯನ್ನೇ ಕೇಳುತ್ತಿದ್ದಳು. ಪಕ್ಕದಲ್ಲಿದ್ದ ಮುದುಕ ಇವಳಿಗೂ ಹನಿ ಹಾಕಿದ್ದಾರೆ ಎಂದುಕೊಂಡು, "ಉರಿ ಸ್ವಲ್ಪ ಹೊತ್ತಿಗೆ ಹೋಗತ್ತಮ್ಮ" ಎಂದು ಧೈರ್ಯ ಹೇಳಿದ.

ನಮ್ಮನ್ನು ನೋಡಿ ಮರಿ ಎದ್ದು ನಿಂತಳು. ಹಳೆಯ ಅಭ್ಯಾಸ. "ಅಕ್ಕಾ, ಚೆನ್ನಾಗಿದೀರಾ? ಕಣ್ಣಿಗೇನಾಯ್ತು?"

"ಅವತ್ತು ನಿಂಗೆ ಗೊತ್ತಿತ್ತಂತೆ" ಎಂದಳು ಅಕ್ಕ.

ಮರಿಗೆ ಯಾವತ್ತು ಎಂದು ಕೇಳಬೇಕಾಗಲಿಲ್ಲ. ಮೈಕಿನ ಗುಂಡಿ ಆರಿಸಿದಳು. "ಸ್ಕ್ರೀನ್ ಮೇಲೆ ಕಾಣ್ತಿತ್ತಲ್ಲ ಅಕ್ಕಾ. ಆಗ ನಿಮ್ಮ ಹಾಡಿಗೆ ಮೈನಸ್ ಮೂರು, ನನ್ನ ಹಾಡಿಗೆ ಸೊನ್ನೆ. ನಂಗೂ ನಿಮ್ಮಷ್ಟೇ ಇಡ್ಲಿ ಅಂತ ಕೇಳ್ದೆ. ನಿಮಗೆ ಗೊತ್ತಿದ್ದೇ ಮಾಡ್ತಿದಾರೆ ಅಂದ್ಕೊಂಡಿದ್ದೆ."

"ನಾನು ಅಷ್ಟೆಲ್ಲ ಬೈದಾಗ ಬಾಯಿ ಬಿಡ್ಬೇಕಿತ್ತು ನೀನು."

"ಸರ್ ಮುಖ ನೋಡ್ದೆ. ಆಗ ಅರ್ಥ ಆಯ್ತು. ಆಮೇಲೆ ಅವರೇ ಫೋನ್ ಮಾಡಿದ್ರು. ಏನೂ ಹೇಳ್ಬೇಡ, ಅವಳು ಸಮಾಧಾನ ಆಗ್ಲಿ, ಮುಂದಿನ ತಿಂಗಳು ನಾನೇ ಕರೀತೀನಿ ಅಂದ್ರು. ಕಾದೆ." ಅವಳ ದನಿಯಲ್ಲಿ ದೂರು ಇರಲಿಲ್ಲ, ಅದೇ ನಮ್ಮನ್ನು ಕೊಂದದ್ದು. "ಬೇರೆ ತಂಡದವರನ್ನೂ ಕೇಳ್ದೆ ಅಕ್ಕಾ. ಹೋದ ಕಡೆಯೆಲ್ಲ ನಿಮ್ಮ ಕಥೆ ನನಗಿಂತ ಮುಂಚೆ ಹೋಗಿತ್ತು. ಇಳಿಸ್ಕೊಡ್ತೀರಾ ಅಂದೋಳು ನೀನೇನಾ ಅಂತ ನಗ್ತಿದ್ರು. ಒಬ್ರೂ ಹಾಡಿಸಿ ನೋಡ್ಲಿಲ್ಲ."

"ವಾಪಸ್ ಬಾ" ಎಂದಳು ಅಕ್ಕ. "ನಿಂಗೆ ಎಷ್ಟು ಬೇಕೋ ಅಷ್ಟು ಇಳಿಸೋಣ."

"ಇಲ್ಲೇ ಇರ್ತೀನಿ ಅಕ್ಕಾ. ಇಲ್ಲಿ ಯಾರೂ ಶ್ರುತಿ ಕೇಳಲ್ಲ, ನಂಬರ್ ಕೇಳಿಸಿದ್ರೆ ಸಾಕು."

"ಎಲ್ರ ಮುಂದೆ ನಿಂತು ಹೇಳ್ತೀನಿ ಮರಿ. ಇಳಿಸ್ಕೊಂಡು ಹಾಡ್ತಿದ್ದಿದ್ದು ನಾನು ಅಂತ."

"ಹೇಳಿ ಅಕ್ಕಾ. ನಿಮಗೆ ಸಮಾಧಾನ ಆಗತ್ತೆ." ಕೊಂಕಿಲ್ಲದೆ ಅಂದಳು. ನಮ್ಮ ಹಿಂದಿನವರು ಗೊಣಗತೊಡಗಿದ್ದರು. ಮರಿ ಗುಂಡಿ ಒತ್ತಿ ಮುಂದಿನ ಟೋಕನ್ ಕರೆದಳು.

ಆರ್ಕೆಸ್ಟ್ರಾದವರ ಸಂಘಕ್ಕೆ ವರ್ಷಕ್ಕೊಂದು ಸಭೆ. ಮರಿಯ ಕಥೆಗೆ ನಕ್ಕವರೆಲ್ಲ ಅಲ್ಲಿ ಸೇರುತ್ತಾರೆ. ಅಕ್ಕ ಅದಕ್ಕಾಗಿಯೇ ಕಾದಿದ್ದಳು. ಹಾಡಲು ಕರೆದಾಗ ಮೈಕ್ ಹಿಡಿದು, ಹಾಡದೆ ಹೇಳಿದಳು. ತನ್ನ ದನಿ ಇಳಿದು ವರ್ಷಗಳಾದವು, ಇಷ್ಟು ದಿನ ಐದೂವರೆ ಎಂದು ಮೆರೆದದ್ದೆಲ್ಲ ಮೂರು, ಯಂತ್ರದಲ್ಲಿ ಇಳಿಸಿಕೊಂಡು ಹಾಡಿದ್ದು. ಗಂಡನ ಹೆಸರು ಎತ್ತಲಿಲ್ಲ. ಎಲ್ಲ ತನ್ನ ತಲೆಯ ಮೇಲೆ ಹಾಕಿಕೊಂಡಳು. ನಾನು ಪ್ಯಾಡಿನ ಹಿಂದೆ ನಿಂತಿದ್ದೆ. ಈಗ ನಗುತ್ತಾರೆ, ಈಗ ಛೀ ಥೂ ಅನ್ನುತ್ತಾರೆ ಎಂದು ಕಾದೆ. ಅಕ್ಕನೂ ಅದಕ್ಕೇ ಕಾಯುತ್ತಿದ್ದಳು, ಅದು ಅವಳಿಗೆ ಬೇಕಾಗಿತ್ತು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರು ವೇದಿಕೆಗೆ ಬಂದು, ಇಂಥ ಪ್ರಾಮಾಣಿಕತೆ ಇವತ್ತು ಎಲ್ಲಿದೆ, ಎಂಥ ದೊಡ್ಡ ಮನಸ್ಸು, ವಯಸ್ಸಾದಂತೆ ಶ್ರುತಿ ಇಳಿಸಿಕೊಳ್ಳುವುದೇ ಜಾಣತನ, ನಮ್ಮ ಹುಡುಗಿಯರು ಇವರನ್ನು ನೋಡಿ ಕಲಿಯಬೇಕು ಎಂದರು. ಮತ್ತೆ ಚಪ್ಪಾಳೆ. ಭಾವ ಕಣ್ಣು ಒರೆಸಿಕೊಂಡರು. ಅವರಿಗೆ ಎಲ್ಲ ಸರಿಹೋದಂತೆ ಕಂಡಿರಬೇಕು.

ಅಕ್ಕ ಚಪ್ಪಾಳೆಯ ನಡುವೆಯೇ, "ಇದೇ ಮಾತು ಕೇಳಿದ್ದಕ್ಕೆ ಒಂದು ಹುಡುಗಿಯನ್ನ ನಾನು ಓಡಿಸ್ದೆ. ನೀವೆಲ್ಲ ನಕ್ಕಿದ್ರಿ" ಎಂದಳು.

"ಯಾವ ಹುಡುಗಿ?" ಎಂದು ಅಧ್ಯಕ್ಷರು ಪಕ್ಕದವರನ್ನು ಕೇಳಿದರು. ಪಕ್ಕದವರು ತಮ್ಮ ಪಕ್ಕದವರನ್ನು ಕೇಳಿದರು. ಯಾರಿಗೂ ನೆನಪಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, "ಅದೆಲ್ಲ ಈಗ್ಯಾಕೆ ಅಕ್ಕಾ, ಹಾಡಿ ಹಾಡಿ" ಎಂದು ಕೂಗಿದ. ಕಾರ್ಯದರ್ಶಿ ಮುಂದಿನ ವರ್ಷದ ಕಾರ್ಯಕ್ರಮಗಳಿಗೆ ಈಗಲೇ ನಮ್ಮ ತಂಡವನ್ನು ಬರೆದುಕೊಳ್ಳುವುದಾಗಿ ಘೋಷಿಸಿದ.

ಅಕ್ಕ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಭಾವ ಟ್ಯಾಬ್ಲೆಟ್ಟಿನಲ್ಲಿ ಹಾಡು ತೆರೆದು, ಮೈನಸ್ ನಾಲ್ಕು ಇಟ್ಟು, ಮೊದಲ ಸಲ ಅದನ್ನು ಅವಳಿಗೆ ಕಾಣುವಂತೆ ತಿರುಗಿಸಿದರು. ಅವಳು ನೋಡಲಿಲ್ಲ. ನಾನು ತಾಳ ಹಿಡಿದೆ, ಹಿಡಿಯದೆ ವಿಧಿಯಿರಲಿಲ್ಲ. ಅವಳು ಹಾಡಿದಳು. ಅಷ್ಟು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ.